ಮಾಳಿಗೆಯಲ್ಲಿ ಯಾರೂ ಕೆಲಸ ಮಾಡುವುದಿಲ್ಲ

…ಇಲ್ಲ, ಹೀಗಲ್ಲ. ಮತ್ತೆ ಮೊದಲಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ ನಿಶಾತ. ಫೋನಿನಲ್ಲಿ ರೆಕಾರ್ಡ್ ಮಾಡುತ್ತಿರುವುದು ಇದು ನಾಲ್ಕನೆಯ ಸಲ. ಮೊದಲನೆಯದರಲ್ಲಿ ಬರೀ ಮದುವೆ ಅಡುಗೆಯ ಮಾತೇ ಬಂತು. ಎರಡನೆಯದರಲ್ಲಿ ನಿನ್ನನ್ನೇ ಬೈಯತೊಡಗಿದ್ದೆ. ಮೂರನೆಯದರಲ್ಲಿ ಮಿಷನ್ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಮೂರನ್ನೂ ಅಳಿಸಿದೆ.

ಬೇಟಾ, ಅಸ್ಸಲಾಮು ಅಲೈಕುಂ. ಇವತ್ತು ಗುರುವಾರ, ನವೆಂಬರ್ ಹದಿಮೂರು, ಮಧ್ಯಾಹ್ನ ಮೂರು ಗಂಟೆ. ಧಾರಾವಿಯಿಂದ ನಿನ್ನ ಅಬ್ಬಾ ಮಾತಾಡುತ್ತಿದ್ದೇನೆ. ಊರಿಗೆ ಕಾಗದ ಬರೆಯುತ್ತಿದ್ದಾಗ ತಾರೀಖು ಹಾಕದೆ ಶುರು ಮಾಡುತ್ತಿರಲಿಲ್ಲ, ಆ ಅಭ್ಯಾಸ ಹೋಗಿಲ್ಲ. ನಾನು ಕನ್ನಡದಲ್ಲಿ ಬರೆದರೆ ನಿನಗೆ ಓದಲು ಬರುವುದಿಲ್ಲ. ಮನೆಯ ದಖನಿಯಲ್ಲಿ ಹೇಳಿದರೆ ಇಲ್ಲಿ ಹೊಲಿಯುತ್ತ ಕೂತ ಬಿಹಾರದ ಹುಡುಗರಿಗೆಲ್ಲ ತಿಳಿಯುತ್ತದೆ. ಅದಕ್ಕೇ ನನ್ನ ತಾಯಿ, ನಿನ್ನ ದಾದಿಯ ಜೊತೆ ಮಾತಾಡುತ್ತಿದ್ದ ಹಾಗೆ ಕನ್ನಡದಲ್ಲಿ. ನಿನಗೆ ಅರ್ಥವಾಗುತ್ತದೆ, ಗೊತ್ತು. ಆಡಲು ಬರುವುದಿಲ್ಲ, ಅಷ್ಟೇ. ನೀನು ದಖನಿಯಲ್ಲಿ ಅಂದದ್ದನ್ನೂ ಕನ್ನಡದಲ್ಲೇ ಹೇಳುತ್ತೇನೆ.

ಎಲ್ಲರೂ ಕ್ಷೇಮ. ನಿನ್ನ ಅಮ್ಮಿಯ ಮೊಣಕಾಲು ಹಾಗೇ ಇದೆ. ಭಾಂಡುಪಿನಲ್ಲಿ ನೀನು ಹೋಗಿ ಇರುವ ಆ ಶೈಲಾ ಹುಡುಗಿಯ ರೂಮಿನಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಅವಳು ದಿನಾ ನನ್ನನ್ನು ಕೇಳುತ್ತಾಳೆ. ನನಗೇನು ಗೊತ್ತು.

ರವಿವಾರ ನಿನ್ನ ಶಬ್ಬೀರ ಚಾಚಾನ ಮಗಳ, ನಮ್ಮ ದಿಲನಾಜಳ ನಿಕಾಹ್. ನೀನು ಬರುವುದಿಲ್ಲ ಎಂದೆಯಂತೆ. "ಚಾಚಾ ನಿಂತ ಹೊಸ್ತಿಲು ನಾ ದಾಟೂದಿಲ್ಲ" ಎಂದೆಯಂತೆ. ಅದನ್ನು ನಿನ್ನ ಅಮ್ಮಿ ನನಗೆ ಹೇಳುವಾಗ ದಿಲನಾಜ ಅಲ್ಲೇ ಇದ್ದಳು. ಸಣ್ಣವರಿದ್ದಾಗಿನಿಂದ ಒಂದೇ ಚಾದರದಲ್ಲಿ ಮಲಗಿದವರು ನೀವು. ಅವಳಪ್ಪನ ಮೇಲೆ ನಿನಗೆ ಎಷ್ಟು ಸಿಟ್ಟಿದೆ ಎಂದು ಅವಳಿಗೂ ಗೊತ್ತು, ಯಾಕೆ ಎಂದೂ ಗೊತ್ತು. ಅವಳಿಗೆ ಗೊತ್ತಿರುವುದು ತಪ್ಪು, ನಿಶಾತ. ನಿನಗೆ ಗೊತ್ತಿರುವುದೂ ತಪ್ಪು. ಅದನ್ನು ಹೇಳಲಿಕ್ಕೇ ಫೋನ್ ಹಿಡಿದು ಕೂತಿದ್ದೇನೆ.

ಸೀದಾ ಹೇಳಲು ಬರುತ್ತಿಲ್ಲ, ಸ್ವಲ್ಪ ಸುತ್ತಿ ಬರುತ್ತೇನೆ.

ಮೇ ತಿಂಗಳಲ್ಲಿ ನಿನಗೆ ಆ ದೊಡ್ಡ ಕಾಲೇಜಿನ ಎಂಬಿಎ ಸೀಟು ಸಿಕ್ಕಿತು ಎಂದು ಮೇಲ್ ಬಂತಲ್ಲ, ನೀನು ಇದೇ ಮಾಳಿಗೆಯಲ್ಲಿ, ಇದೇ ಕಿಟಕಿಯ ಹತ್ತಿರ ನಿಂತು ಓದಿದೆ. ಇಂಗ್ಲಿಷಿನಲ್ಲಿ ಒಂದು ಸಲ, ನಮಗಾಗಿ ಒಂದು ಸಲ. ನಿನ್ನ ಚಾಚಾ ಆರೂ ಮಿಷನ್ ನಿಲ್ಲಿಸಿಬಿಟ್ಟ. ಆರ್ಡರಿನ ಚರ್ಮದ ಬ್ಯಾಗುಗಳು ಅರ್ಧ ಹೊಲಿದು ಬಿದ್ದಿದ್ದವು, ಸಂಜೆ ಗಾಡಿ ಬರುವುದಿತ್ತು, ಆದರೂ ನಿಲ್ಲಿಸಿದ. ಗಲ್ಲಿಯ ಬಾಯಿಯಲ್ಲಿ ರೊಟ್ಟಿ ಬಡಿಯುವ ಸುಂದ್ರವ್ವ ಸದ್ದು ನಿಂತದ್ದಕ್ಕೆ ಗಾಬರಿಯಾಗಿ ಏಣಿ ಹತ್ತಿ ಬಂದಳು, ಕೈತುಂಬ ಹಿಟ್ಟು. ವಿಷಯ ಕೇಳಿ, "ಅಷ್ಟ ಓದಿ ಏನಾಗ್ತಾಳ ಇಕಿ, ಡಾಕ್ಟರಕಿಂತ ದೊಡ್ಡಾಕಿ?" ಎಂದಳು. ಶಬ್ಬೀರ ಹೇಳಿದ, "ಡಾಕ್ಟರ ನೌಕರಿ ಮಾಡ್ತಾನ ಸುಂದ್ರವ್ವ, ಇಕಿ ನೌಕರಿ ಕೊಡಾಕಿ." ಅದಕ್ಕವಳು, "ಹಂಗಾರ ಮೊದಲ ನಿಮ್ಮಪ್ಪಗ ಒಂದ್ ಕೊಡವಾ, ದಿನಾ ನನ್ನ ಕಡೆ ಬಂದು ತಲಿ ತಿಂತಾನ" ಎಂದು ನನ್ನ ಕಡೆ ಕೈ ಮಾಡಿದಳು. ನೀನು ನಕ್ಕಿದ್ದು ನೆನಪಿದೆ. ಆಮೇಲೆ ಆ ನಗು ನಾನು ನೋಡಿಲ್ಲ.

ಅದಕ್ಕೂ ಮೊದಲು ಇಂಟರ್‌ವ್ಯೂ ಮುಗಿಸಿ ಬಂದ ದಿನ ನೀನು ಎಲ್ಲ ಬಿಡಿಸಿ ಹೇಳಿದ್ದೆ. ಕತ್ತರಿಸಿ ಉಳಿದ ಚರ್ಮದ ಚೂರನ್ನು ನಾವು ಇಷ್ಟು ವರ್ಷ ಗೋಣಿಗೆ ತುಂಬಿ ತೂಕಕ್ಕೆ ಹಾಕಿದೆವು. ನೀನು ಬಿ.ಕಾಂ ಮುಗಿಸಿ ಎರಡು ವರ್ಷ ಇಲ್ಲಿ ಕೂತು, ಆ ಚೂರಿನಿಂದಲೇ ಸಣ್ಣ ಸಣ್ಣ ಪಾಕೀಟು ಹೊಲಿಸಿ, ಫೋಟೋ ತೆಗೆದು, ಮೊಬೈಲಿನಲ್ಲೇ ಗಿರಾಕಿ ಹುಡುಕಿದೆ. ಅದನ್ನೇ ಫಾರ್ಮಿನಲ್ಲಿ ಕೆಲಸದ ಅನುಭವ ಎಂದು ಬರೆದೆ. ಇಂಟರ್‌ವ್ಯೂನಲ್ಲಿ ಒಬ್ಬ ಮೇಡಮ್ ತೋರಿಸು ಎಂದಾಗ ಬ್ಯಾಗಿನಿಂದ ತೆಗೆದು ಟೇಬಲ್ ಮೇಲಿಟ್ಟೆ. ಅವರು ಮೂಸಿ ನೋಡಿದರು ಎಂದೆ. "ಮೂಸಿದ್ರ ಅಂದ್ರ ಚರ್ಮ ಗೊತ್ತಿದ್ದವರ ಬಿಡು" ಎಂದ ನಿನ್ನ ಚಾಚಾ, ಸೀಟು ಸಿಕ್ಕಿತು ಎಂದು ಅಂದೇ ಹೇಳಿದ್ದ. ನೀನು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಈಗ ಗಲ್ಲಿಯ ವಿಷಯ. ಧಾರಾವಿ ಒಡೆದು ಹೊಸ ಮನೆ ಕಟ್ಟಲು ಸರ್ವೇ ಶುರುವಾದ ಮೇಲೆ ಇಲ್ಲಿ ಹೇಗೆ ಬದುಕಿದ್ದೇವೆ ಎಂದು ನೀನೇ ನೋಡಿದ್ದೀ. ಮನೆ ಎಂದು ಬರೆಸಿದವರಿಗೆ ಮನೆ ಸಿಗುತ್ತದೆ, ಮಾಳಿಗೆಯ ಮೇಲೆ ಕಾರಖಾನೆ ಎಂದು ಬರೆದುಕೊಂಡು ಹೋದರೆ ಏನೂ ಸಿಗುವುದಿಲ್ಲ ಎಂದು ಎಲ್ಲರ ಬಾಯಲ್ಲೂ ಒಂದೇ ಮಾತು. ನಿಜವೋ ಸುಳ್ಳೋ ಯಾರಿಗೆ ಗೊತ್ತು. ಕೆಳಗಿನ ಖೋಲಿ ಶಬ್ಬೀರನ ಹೆಸರಿಗೆ, ಮಾಳಿಗೆ ನನ್ನ ಹೆಸರಿಗೆ ಮನೆ ಎಂದು ಬರೆಸಿದೆವು. ನಾವು ಮಾತ್ರ ಪಕ್ಕದ ಗಲ್ಲಿಯಲ್ಲಿ ಬಾಡಿಗೆಗೆ. ಕೊರಳಲ್ಲಿ ಕಾರ್ಡು, ಕೈಯಲ್ಲಿ ಟ್ಯಾಬ್ ಇದ್ದವರು ಗಲ್ಲಿಗೆ ಕಾಲಿಟ್ಟರೆ ಸುಂದ್ರವ್ವ ಲಟ್ಟಣಿಗೆಯಿಂದ ತಗಡಿನ ಡಬ್ಬಿ ಬಡಿಯುತ್ತಾಳೆ. ಮೇಲೆ ಮಿಷನ್ ನಿಲ್ಲುತ್ತವೆ, ಅವುಗಳ ಮೇಲೆ ಚಾದರ ಬೀಳುತ್ತದೆ, ಗಾದಿ ಹಾಸುತ್ತೇವೆ. ಕಾರಿಗಾರರು ಒಬ್ಬೊಬ್ಬರಾಗಿ ಇಳಿದು ಚಹಾದಂಗಡಿಗೆ. ಯಾರಾದರೂ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ. ನಮ್ಮ ಮನೆಯಲ್ಲಿ ದೊಡ್ಡವರಿಗೂ ಸಣ್ಣವರಿಗೂ ಅದನ್ನು ಬಾಯಿಪಾಠ ಮಾಡಿಸಿದವನು ನಾನೇ.

ಬಕ್ರೀದ್ ಮುಗಿದ ವಾರದ ಶುಕ್ರವಾರ. ಎಲ್ಲರೂ ಜುಮ್ಮಾ ನಮಾಜಿಗೆ ಹೋಗಿದ್ದರು. ನನಗೆ ಅವತ್ತು ಸ್ವಲ್ಪ ಜ್ವರ, ಬೇಗ ಬಂದು ಏಣಿಯ ಕೆಳಗೆ ಕೂತಿದ್ದೆ. ಡಬ್ಬಿ ಬಡಿದ ಸದ್ದು ಕೇಳಿತು. ಎದ್ದು ನೋಡುವಷ್ಟರಲ್ಲಿ ಒಬ್ಬ ಹುಡುಗ ಬಂದೇಬಿಟ್ಟ. ಮಳೆಯಲ್ಲಿ ತೊಯ್ದ ಬೂಟು, ಕೊರಳಲ್ಲಿ ಕಾರ್ಡು, ಕೈಯಲ್ಲಿ ಟ್ಯಾಬ್. ವಯಸ್ಸು ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಎಲ್ಲಿಂದ ಬಂದೆ ಎಂದು ಹೇಳಿದ, ನಾನು ಕೇಳಿಸಿಕೊಳ್ಳಲಿಲ್ಲ. ಕಾರ್ಡು ಕಂಡ ಮೇಲೆ ಕಿವಿ ಕೆಲಸ ಮಾಡುವುದಿಲ್ಲ, ಬಾಯಿ ಮಾತ್ರ. ಇಲ್ಲಿ ಚರ್ಮದ ಕೆಲಸ ನಡೆಯುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದ. ಇಲ್ಲ ಸಾಹೇಬ, ಫ್ಯಾಮಿಲಿ ಇರುತ್ತದೆ ಎಂದೆ. ಮೇಲೆ? ಮಾಳಿಗೆಯಲ್ಲಿ ಯಾರೂ ಕೆಲಸ ಮಾಡುವುದಿಲ್ಲ, ಮಲಗುತ್ತಾರೆ ಎಂದೆ. ಆಮೇಲೆ ಅವನು ನಿನ್ನ ಹೆಸರು ಹೇಳಿದ, ನಿಶಾತ. ಆ ಹೆಸರು ಅವನ ಟ್ಯಾಬಿನಲ್ಲಿ ಯಾಕಿದೆ ಎಂದಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮನೆಯಲ್ಲಿ ಎಷ್ಟು ಜನ ದುಡಿಯುತ್ತಾರೆ ಎಂದು ಲೆಕ್ಕ ಹಿಡಿಯುತ್ತಿದ್ದಾನೆ ಅಂದುಕೊಂಡೆ. ಮಗಳು ಸಾಹೇಬ, ಓದಿಕೊಂಡು ಮನೆಯಲ್ಲಿದ್ದಾಳೆ, ಎಲ್ಲೂ ಕೆಲಸ ಮಾಡಿಲ್ಲ ಎಂದೆ. ಅವನು ಬಾಗಿಲಿನ ಫೋಟೋ ತೆಗೆದುಕೊಂಡ, ಟ್ಯಾಬ್ ಮುಂದೆ ಹಿಡಿದ. ನಾನು ಬೆರಳಿನಿಂದ ಸಹಿ ಹಾಕಿ ನಂಬರ್ ಕೊಟ್ಟೆ. ಒಳ್ಳೆಯ ಹುಡುಗ, ಹೋಗುವಾಗ ನೀರು ಕೇಳಿ ಕುಡಿದ.

ನಾನೇ, ಬೇಟಾ. ನಿನ್ನ ಫಾರ್ಮು ನಿಜವೇ ಎಂದು ನೋಡಲು ಕಾಲೇಜಿನವರು ಕಳಿಸಿದ ಮನುಷ್ಯನ ಮುಂದೆ ನಿನ್ನ ಎರಡು ವರ್ಷವನ್ನು ಇಲ್ಲ ಎಂದವನು ನಾನು. ನಿನ್ನ ಚಾಚಾ ಅಲ್ಲ.

ಅದರ ಮುಂದಿನ ವಾರ ಶನಿವಾರ ಮೇಲ್ ಬಂತು. ನೀನು ಓದಿದೆ. ಕೆಲಸದ ಅನುಭವ ಸುಳ್ಳು, ವಿಳಾಸದಲ್ಲಿದ್ದ ಮನೆಯ ಗಂಡಸೇ ಸಹಿ ಹಾಕಿ ಹೇಳಿದ್ದಾನೆ, ಸೀಟು ರದ್ದು. ನೀನು ಅಳಲಿಲ್ಲ. "ಆ ಶುಕ್ರವಾರ ಇಲ್ಲಿ ಯಾರಿದ್ರಿ?" ಎಂದು ಇಬ್ಬರನ್ನೂ ನೋಡಿದೆ. ಶಬ್ಬೀರ ನನ್ನ ಮುಖ ನೋಡಿದ. ನೋಡಿ, "ನಾನಽ ಇದ್ದೆ ಬೇಟಾ. ಸರ್ವೇದಾಂವ ಅಂತ ತಿಳದು ಹೇಳಿಬಿಟ್ಟೆ" ಎಂದ. ಅಷ್ಟು ಸಲೀಸಾಗಿ ಹೇಳಿದ, ನಾನೇ ಒಂದು ಗಳಿಗೆ ನಂಬಿದೆ.

ಸ್ಟೇಷನ್ನಿನಿಂದ ಪರೀಕ್ಷೆಯ ಸೆಂಟರಿನ ತನಕ ನಿನ್ನನ್ನು ಸ್ಕೂಟರಿನಲ್ಲಿ ಕರೆದೊಯ್ದು, ಮುಗಿಯುವವರೆಗೆ ಬಿಸಿಲಲ್ಲಿ ನಿಂತವನು ಅವನು. ಅವನಿಗೇ ನೀನು, "ನೀವು ನನ್ನ ನಸೀಬಾನಽ ತಿಂದ್ರಿ ಚಾಚಾ" ಎಂದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಅವತ್ತು ಸಂಜೆ ನಾನು ಕೇಳಿದೆ, ಯಾಕೆ ಹೀಗೆ ಮಾಡಿದೆ ಎಂದು. "ಚಾಚಾನ ಮ್ಯಾಲೆ ಸಿಟ್ಟಾದ್ರ ಇನ್ನೊಂದ ಮನಿಗೆ ಹೋಗ್ತಾಳ ಭಾಯಿ. ಅಪ್ಪನ ಮ್ಯಾಲೆ ಸಿಟ್ಟಾದ್ರ ಎಲ್ಲಿಗೆ ಹೋಗಬೇಕು" ಎಂದ. ಆದರೂ ನೀನು ಭಾಂಡುಪಿಗೆ ಹೋದೆ.

ಆಮೇಲೆ ಬಿಲ್ಲು, ಫೋಟೋ, ಕಾರಿಗಾರರ ಸಹಿ, ಏನೆಲ್ಲ ಕಳಿಸಿದೆವು. ಸೀಟು ಬೇರೆಯವರಿಗೆ ಹೋಗಿತ್ತು. ನನ್ನ ಮಾತಿನಿಂದ ಏನಾಯಿತು ಎಂದು ನನಗೆ ಗೊತ್ತಾಗುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮುಂದಿನ ವರ್ಷ ಮತ್ತೆ ಪರೀಕ್ಷೆ ಬರಿ ಎನ್ನಲು ನನಗೆ ಬಾಯಿಲ್ಲ. ಬರೆಯುವುದಿಲ್ಲ ಎಂದು ನೀನು ಅಮ್ಮಿಗೆ ಹೇಳಿದ್ದೀ. ಫಾರ್ಮಿನಲ್ಲಿ ಆ ಎರಡು ವರ್ಷವನ್ನು ಇನ್ನು ಹೇಗೆ ತುಂಬಲಿ ಎಂದೆಯಂತೆ.

ಒಂದೇ ಕೇಳುತ್ತೇನೆ. ರವಿವಾರ ಬಾ. ನನ್ನ ಜೊತೆ ಮಾತಾಡಬೇಡ, ನಾನು ಗಂಡಸರ ಕಡೆ ದೂರ ಕೂರುತ್ತೇನೆ. ನಿನ್ನ ಚಾಚಾನಿಗೆ ಒಂದು ಸಲಾಮು ಹೇಳಿ, ದಿಲನಾಜಳ ಪಕ್ಕ ಕೂತು ಹೋಗು. ಅವಳು ಸೋಮವಾರ ಸೋಲಾಪುರಕ್ಕೆ ಹೋಗಿಬಿಡುತ್ತಾಳೆ.

ಇಷ್ಟು ಹೇಳಿದ್ದಕ್ಕೆ ಎದೆ ಹಗುರಾಗಬೇಕಿತ್ತು.

ನಿನ್ನ ಅಬ್ಬಾ,
ಶರೀಫ.

ಇನ್ನೊಂದು ಉಳಿಯಿತು, ನಿಶಾತ. ಇಲ್ಲಿಯವರೆಗೆ ಹೇಳಿದ್ದನ್ನು ಕಳಿಸುವ ಮೊದಲು ಕೇಳಿ ನೋಡಿದೆ. ಒಂದು ಕಡೆ ಸುಳ್ಳು ಹೇಳಿದ್ದೇನೆ. ಗೊತ್ತಾಗುವ ಹೊತ್ತಿಗೆ ಎಲ್ಲ ಮುಗಿದಿತ್ತು ಎಂದೆನಲ್ಲ, ಮುಗಿದಿರಲಿಲ್ಲ. ಟ್ಯಾಬ್ ಹಿಡಿದು ಬಂದಿದ್ದ ಆ ಹುಡುಗ, ಮೇಲ್ ಬರುವ ಮೊದಲಿನ ಸೋಮವಾರವೇ ನನಗೆ ಫೋನ್ ಮಾಡಿದ್ದ. ನಿಮ್ಮ ಮಗಳು ಬರೆದದ್ದು ಬೇರೆ, ನೀವು ಹೇಳಿದ್ದು ಬೇರೆ, ಕಾಲೇಜಿನ ಸೀಟಿನ ವಿಷಯ ಅಂಕಲ್, ಮಾಲೀಕರಿಂದ ಒಂದು ಕಾಗದ ಬರೆಸಿ ಸಹಿ ಮಾಡಿಸಿ ಗುರುವಾರದೊಳಗೆ ಫೋಟೋ ಕಳಿಸಿ, ರಿಪೋರ್ಟ್ ತಿದ್ದುತ್ತೇನೆ ಎಂದ. ಬಿಲ್ಲು, ಶಿಕ್ಕಾ ಎಲ್ಲ ಶಬ್ಬೀರನ ಹೆಸರಿನಲ್ಲೇ, ಅವನಿಗೆ ಹೇಳಿದೆ. ಅವನು ಅಲ್ಲೇ ಬಿಲ್ ಬುಕ್ಕಿನ ಹಾಳೆಯಲ್ಲಿ ಬರೆದು, ಶಿಕ್ಕಾ ಹೊಡೆದು ಕೊಟ್ಟ. ಮಾಳಿಗೆಯಲ್ಲಿ ಆರು ಮಿಷನ್ ಇವೆ, ಹುಡುಗಿ ಎರಡು ವರ್ಷ ಇಲ್ಲೇ ದುಡಿದಿದ್ದಾಳೆ ಎಂದು. ಓದಿ ನೋಡಿದೆ. ನನ್ನ ಹೆಸರಿನ ಮನೆಯಲ್ಲಿ ಆರು ಮಿಷನ್. ಅದು ಸರ್ವೇದವರ ಕೈಗೆ ಹೋದರೆ ಎಂದು ಹೆದರಿದೆ. ನಾಳೆ ಕಳಿಸೋಣ, ನಾಳೆ ಕಳಿಸೋಣ ಎಂದುಕೊಂಡೆ. ಗುರುವಾರ ದಾಟಿತು. ಆ ಹುಡುಗ ಮತ್ತೆರಡು ಸಲ ಫೋನ್ ಮಾಡಿದ, ಎತ್ತಲಿಲ್ಲ. ಕಳಿಸಿದೆ, ಅವರು ಒಪ್ಪಲಿಲ್ಲ ಎಂದು ಶಬ್ಬೀರನಿಗೆ ಹೇಳಿದೆ. ಅವನು ಇವತ್ತಿಗೂ ಹಾಗೇ ತಿಳಿದಿದ್ದಾನೆ. ಬರೀ ಬಾಯಿ ತಪ್ಪಿದ ಅಣ್ಣನನ್ನು ಕಾಪಾಡುತ್ತಿದ್ದೇನೆ ಎಂದು ನಿನ್ನ ಬೈಗುಳ ತಿಂದಿದ್ದಾನೆ.

ಆ ಮನೆ ನಿನಗೂ ಆಗುತ್ತಿತ್ತು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ, ಬಹಳ ಸಲ. ಸರ್ವೇದವರು ಇನ್ನೂ ಏನೂ…

ತಡಿ, ಕೆಳಗಿನಿಂದ ಶಬ್ಬೀರ ಕೂಗುತ್ತಿದ್ದಾನೆ. ಅಡುಗೆಯವನು ಬಂದು ನಿಂತಿದ್ದಾನಂತೆ, ಊಟಕ್ಕೆ ಎಲೆ ಎಷ್ಟು ಎಂದು ಹೇಳಬೇಕಂತೆ. "ಭಾಯಿ, ನಿಶಾತನ್ನ ಹಿಡದ ಹೇಳ್ಲೆನು?" ಅಂತಿದ್ದಾನೆ.

ಹೂಂ, ಬಂದೆ. ಇಡುತ್ತೇನೆ ಬೇಟಾ.