ರೋಮಿಗೂ ಮೊದಲು

ಬಾರ್ಬಾಜಿಯಾ ಬೆಟ್ಟಸೀಮೆ, ಸಾರ್ಡಿನಿಯಾ
ನವೆಂಬರ್ ೮, ೧೯೩೬

ಪ್ರೀತಿಯ ಅಮ್ಮಾ,

ನಿನ್ನ ಕಾಗದ ಬಂತು. ಒಂದು ಕ್ಷಮಾಪಣೆ ಬರೆದುಕೊಟ್ಟು ಟೀಚರ್ ಕೆಲಸ ಉಳಿಸಿಕೊಂಡರೆ ನಿನ್ನ ಗಂಟೇನು ಹೋಗುತ್ತೆ ಎಂದು ಕೇಳಿದ್ದೀಯ. ಬರೆದುಕೊಡುವುದಿಲ್ಲ. ಏಕೆಂದು ಹೇಳುತ್ತೇನೆ, ಸಿಟ್ಟಾಗದೆ ಓದು.

ಹೋದ ತಿಂಗಳು ಶಾಲಾ ಇನ್‌ಸ್ಪೆಕ್ಟರು ಬಂದರು. ಆಳುವ ಪಕ್ಷದ ಕಪ್ಪು ಅಂಗಿ, ಮಿರಮಿರ ಮಿಂಚುವ ಬೂಟು. ಈ ದ್ವೀಪಕ್ಕೆ ನಾಗರಿಕತೆ ತಂದವರು ಯಾರು ಎಂದು ಮಕ್ಕಳನ್ನು ಕೇಳಿದರು. ರೋಮನರು ಎಂಬ ಉತ್ತರ ಪುಸ್ತಕದಲ್ಲೇ ಇದೆ. ಕುರುಬರ ಮನೆಯ ಬೊನಾರಿಯಾ ಎದ್ದು ನಿಂತಳು. ಇಟಾಲಿಯನ್ ಬಿಟ್ಟು ನಮ್ಮ ಬೆಟ್ಟದ ಮಾತಿನಲ್ಲೇ ಶುರುಮಾಡಿದಳು.

“ಅವ್ರು ಬರೋಕ್ ಮುಂಚೇನೇ ನಮ್ಮೋರು ಕಲ್ಲುಗೋಪುರ ಕಟ್ಟಿದ್ರು ಸಾರ್. ರೋಮಿನೋರು ನಮ್ಮೋರನ್ನ ಹಿಡ್ಕೊಂಡ್ಹೋಗಿ ಸಂತೇಲಿ ಮಾರಿದ್ರು. ಬೆಟ್ಟ ಹತ್ತಿದೋರು ಸಿಗ್ಲಿಲ್ಲ. ಆಮೇಲೆ ಸ್ಪೇನಿನೋರು ಬಂದು ತೆರಿಗೆ ಕಿತ್ರು. ಆಮೇಲೆ ಇಟಲಿ ಕಡೆಯಿಂದ ಪೀಡ್ಮಾಂಟಿನ ರಾಜ ಬಂದ, ಊರೋರ ಹುಲ್ಲುಗಾವಲಿಗೆ ಉಳ್ಳೋರು ಗೋಡೆ ಹಾಕ್ಕೊಳ್ಳಿ ಅಂದ. ಕಾಡು ಕಡ್ದು ಹಡಗಿಗೆ ಹೇರಿದ್ರು. ಈಗ ನೀವು ಬಂದಿದೀರಿ.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

“ಯಾರೇ ಇದನ್ನೆಲ್ಲ ಹೇಳ್ಕೊಟ್ಟಿದ್ದು? ಜೈಲಿಗೆ ಹಾಕಿಸ್ತೀನಿ ಅವರನ್ನ” ಎಂದರು ಇನ್‌ಸ್ಪೆಕ್ಟರು. ಹುಡುಗಿಯ ಕಣ್ಣು ಕಿಟಕಿಯಾಚೆ ತನ್ನ ಮನೆಯತ್ತ ಹೋಯಿತು.

“ನಾನೇ” ಎಂದೆ.

ತಪ್ಪು ಪಾಠ ಮಾಡಿದ್ದೇನೆಂದು ಬರೆದು, ಮಕ್ಕಳೆದುರು ಓದಿ ಹೇಳಬೇಕಂತೆ. ಅವಳು ಹೇಳಿದ್ದರಲ್ಲಿ ಸುಳ್ಳು ಯಾವುದು ತೋರಿಸಿ, ಬರೀತೀನಿ ಎಂದೆ. ಅವರು ಟೋಪಿ ಎತ್ತಿಕೊಂಡರು. “ಬಾರ್ಬಾಜಿಯಾ ಅಂದ್ರೇನೇ ಅನಾಗರಿಕರ ಬೆಟ್ಟ. ಹೆಸರೇ ಹೇಳುತ್ತೆ” ಎಂದು ಗೊಣಗಿದರು.

“ಹೌದು ಸಾರ್. ನಮ್ಮನ್ನ ಗೆಲ್ಲೋಕಾಗದ ರೋಮನರು ಇಟ್ಟ ಹೆಸರು” ಎಂದೆ.

ಮರುದಿನವೇ ಶಾಲೆಯ ಬಾಗಿಲು ನನಗೆ ಮುಚ್ಚಿತು. ಈಗ ಹಳೆಯ ಕಲ್ಲುಗೋಪುರದ ಬುಡದಲ್ಲಿ, ಗಾಳಿಗೆ ಮರೆಯಾದ ಕಡೆ, ಪಾಠ ಮಾಡುತ್ತಿದ್ದೇನೆ. ಮಕ್ಕಳು ಬರುತ್ತಾರೆ. ಪಕ್ಕದ ಮನೆಯ ತಾತಾನಾ ಚಿಕ್ಕಮ್ಮ ಚೀಸು, ಗರಿಗರಿ ರೊಟ್ಟಿ ತಂದಿಟ್ಟು, “ಸಂಬಳ ನಿಂತ್ರೆ ನಿಲ್ಲಲಿ ಬಿಡೇ, ನಮ್ಮ ಕುರಿ ಹಾಲೇನೂ ಬತ್ತಿಲ್ಲ” ಎಂದು ಬೈದಂತೆ ಹೇಳಿ ಹೋಗುತ್ತಾರೆ. ನಾನು ಉಪವಾಸವಿಲ್ಲ, ತಲೆಯನ್ನೂ ತಗ್ಗಿಸಿಲ್ಲ.

ನಿನ್ನ ಹಟಮಾರಿ ಮಗಳು,
ವಿಸ್ಸೆಂಟಾ

ಮರೆತಿದ್ದೆ: ಅಂಚೆಯ ಕಾಗದ ಒಡೆದು ಓದುತ್ತಾರೆಂದು, ಚಳಿಗೆ ಕುರಿ ಹೊಡೆದುಕೊಂಡು ಬಯಲಿಗಿಳಿಯುವವರ ಕೈಲಿ ಇದನ್ನು ಕಳಿಸುತ್ತಿದ್ದೇನೆ. ಓದಿ ಒಲೆಗೆ ಹಾಕು. ಬೊನಾರಿಯಾಗೆ ಅದನ್ನೆಲ್ಲ ಹೇಳಿಕೊಟ್ಟದ್ದು ನಾನಲ್ಲ, ಹಾಸಿಗೆ ಹಿಡಿದಿರುವ ಅವಳಜ್ಜಿ. ನಾನು ಕಲಿಸುತ್ತಿದ್ದದ್ದು ಪುಸ್ತಕದಲ್ಲಿದ್ದಷ್ಟೇ. ನಾಳೆ ಠಾಣೆಗೆ ಕರೆದಿದ್ದಾರೆ. ಅಲ್ಲೂ ‘ನಾನೇ’ ಎನ್ನುತ್ತೇನೆ. ಈಗ ಅದು ಸುಳ್ಳೂ ಅಲ್ಲ. ಅವತ್ತಿನಿಂದ ದಿನವೂ ಅದನ್ನೇ ಕಲಿಸುತ್ತಿದ್ದೇನೆ.