ಹೆಸರು ಕೊರೆಸಿದ ಡಬ್ಬಿ

ಮಗ್ದಲೀನ್ ಟೀಚರ್ ಅವರಿಗೆ, ಮೂರನೇ ಕ್ಲಾಸಿನ ಸೃಷ್ಟಿಯ ತಾಯಿ ಮಾಡುವ ನಮಸ್ಕಾರ.

ಭಾನುವಾರ ನನಗೆ ರಜೆ. ಅಪರೂಪಕ್ಕೆ ಬೆಳಿಗ್ಗೆ ರೊಟ್ಟಿ ಬಡಿದು ಕೊಟ್ಟೆ. ಮಗಳು ಒಂದು ತುತ್ತು ತಿಂದು, "ಮಮ್ಮಿ, ಟೀಚರ್ ನೀರ್ ದೋಸಾ ಭಾಳ ಸಾಫ್ಟ್ ಇರ್ತದ" ಎಂದಳು. ನೀವು ದಿನವೂ ಅವಳಿಗೆ ತಿಂಡಿ ಕೊಡುತ್ತಿರುವುದು ನನಗೆ ಗೊತ್ತಾದದ್ದು ಹಾಗೆ.

ರುವೈಸಿನ ತೈಲ ಕಂಪನಿಯಲ್ಲಿ ಇವಳಪ್ಪನ ಕೆಲಸ ಹೋದಾಗಿನಿಂದ ನಮ್ಮಲ್ಲಿ ಬೆಳಿಗ್ಗೆ ಒಲೆ ಹಚ್ಚುವುದಿಲ್ಲ. ಐದಕ್ಕೆಲ್ಲ ಆಸ್ಪತ್ರೆಯ ಲಾಂಡ್ರಿಯ ವ್ಯಾನು ಬರುತ್ತದೆ, ಚಹಾ ಕುಡಿದು ಹತ್ತುತ್ತೇನೆ. ಇವಳು "ನಾಟ್ ಹಂಗ್ರಿ" ಎನ್ನುತ್ತಿದ್ದಳು. ನಂಬಿದ್ದೆ. ನಂಬುವುದು ಸುಲಭವಾಗಿತ್ತು. ಪ್ರಾರ್ಥನೆಯ ಸಾಲಿನಲ್ಲಿ ಎರಡು ಸಲ ತಲೆ ಸುತ್ತಿ ಕುಸಿದಿದ್ದಳಂತೆ. ಹಸಿವೆಂದು ನಿಮಗೆ ಹೇಳಿದ್ದಾಳೆ, ನನಗೆ ಹೇಳಿಲ್ಲ.

ಈಗ ಅವಳ ಕೆನ್ನೆ ತುಂಬಿದೆ, ಲೆಕ್ಕದಲ್ಲೂ ಚುರುಕಾಗಿದ್ದಾಳೆ. ನಾನು ಕೈಮುಗಿಯಬೇಕು. ಆದರೆ ಹೊಟ್ಟೆ ಉರಿಯಿತು ಟೀಚರ್. ನಿಮ್ಮ ದೋಸೆ ಕಾವಲಿಗೆ ಅಂಟಿಕೊಳ್ಳಲಿ ಎಂದು ಶಪಿಸಿದೆ. ಆಮೇಲೆ, ಅಂಟಿಕೊಂಡರೆ ಅವಳು ಏನು ತಿಂದಾಳು ಎಂದು ಹೆದರಿದೆ.

ನಿಲ್ಲಿಸಿ ಎನ್ನುವುದಿಲ್ಲ. ಒಂದೇ ಕೋರಿಕೆ. ಇದರೊಂದಿಗೆ ಕಳಿಸಿರುವ ಸ್ಟೀಲ್ ಡಬ್ಬಿ ನನ್ನ ಮದುವೆಯಲ್ಲಿ ಅವ್ವ ಕೊಟ್ಟದ್ದು, ಮುಚ್ಚಳದ ಮೇಲೆ ನನ್ನ ಹೆಸರು ಕೊರೆಸಿದ್ದಾಳೆ. ನಿಮ್ಮ ಗುಲಾಬಿ ಡಬ್ಬಿ ಬಿಟ್ಟು ಇದರಲ್ಲೇ ದೋಸೆ ಹಾಕಿಕೊಡಿ. ಮುಚ್ಚಳವನ್ನು ಅವಳೇ ತೆಗೆಯಲಿ.

ಖಾಲಿ ಡಬ್ಬಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಒಳಗೆ ಶೇಂಗಾ ಚಟ್ನಿಪುಡಿ ಇದೆ, ನಾನೇ ಕುಟ್ಟಿದ್ದು. ಅವಳ ದೋಸೆಯ ಮೇಲೆ ಉದುರಿಸಿ. ಯಾವುದು ಹೆಚ್ಚು ರುಚಿ ಎಂದು ಮಾತ್ರ ಅವಳನ್ನು ಕೇಳಬೇಡಿ.

ಇಂತಿ, ಮುಚ್ಚಳದ ಮೇಲಿರುವವಳು,
ನೀಲವ್ವ