ಕೇರಿಯ ಬಾವಿಯ ನೀರು

೧೪ ಮಾರ್ಚ್ ೧೯೭೯, ಬುಧವಾರ

ನಮ್ಮ ಬಿ.ಎಸ್ಸಿ., ಬಿ.ಎ. ವಿದ್ಯಾರ್ಥಿಗಳ ತಂಡವನ್ನು ನೀರಿನ ಸಮೀಕ್ಷೆ ಮುಗಿಸಿದ್ದಕ್ಕೆ ವಿರೂಪಾಕ್ಷಪ್ಪ ಮೇಷ್ಟ್ರು ಇಂದು ಹೊಗಳಿದರು. ಸಿರಿಗೇರಿಯ ಎರಡೂ ಬಾವಿಗಳ ನೀರು ಕುಡಿಯಲು ಯೋಗ್ಯವಂತೆ. ಆದರೆ ಕೇರಿಯ ಬಾವಿಗೆ ನಾನು ಹೋಗಿಯೇ ಇಲ್ಲ. ಬಳ್ಳಾರಿ ಬಸ್ಸು ತಪ್ಪೀತೆಂದು ಪರೀಕ್ಷೆಯ ಎರಡು ಸೀಸೆಗಳನ್ನೂ ಊರ ಬಾವಿಯಲ್ಲೇ ತುಂಬಿಸಿ, ಬೇರೆ ಬೇರೆ ಚೀಟಿ ಅಂಟಿಸಿದೆ.

ಕೇರಿಯ ಮನೆಮನೆಗೂ ಹೋಗಿ ಮಾತಾಡಿಸಿ ಬಂದವಳು ಸಮಾಜಶಾಸ್ತ್ರದ ಹೊನ್ನೂರಮ್ಮ. "ನೀರು ಚಲೋ ಐತಿ ಅಂದ್ಮ್ಯಾಲೆ ಅಲ್ಲಿ ಹುಡುಗ್ರ ಹಲ್ಲು ಯಾಕ ಕಂದಾಗ್ಯಾವ? ನಾನ ತಪ್ಪು ಬರಕೊಂಡೀನೇನು?" ಎಂದು ನನ್ನನ್ನೇ ಕೇಳಿದಳು. ಇರಬಹುದು ಎಂದುಬಿಟ್ಟೆ.

ಸಂಜೆ ಮನಸ್ಸು ತಡೆಯದೆ ಮೇಷ್ಟ್ರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ನಾಳೆ ಹೊನ್ನೂರಮ್ಮನ್ನ ಕರ್ಕೊಂಡು ಹೋಗಿ ಆ ನೀರು ತಗೊಂಡು ಬಾರವ್ವ," ಎಂದರು ಅಷ್ಟೆ.

ಅವರಿಗೆ ಹೇಳಿದ್ದು ಸುಲಭ. ನಾಳೆ ಸಿರಿಗೇರಿಯವರೆಗೂ ಬಸ್ಸಿನಲ್ಲಿ ಅವಳ ಪಕ್ಕದಲ್ಲಿ ಕೂತು, ನೀನು ಬರೆದುಕೊಂಡದ್ದು ಸರಿ, ತಪ್ಪು ನನ್ನದು ಎಂದು ಅವಳಿಗೆ ಹೇಳಬೇಕು.